ಸೋತೆತ್ತಿನ ಬಾಲ ಬಿಡದವರು

17 ಸೀಸನ್ ಬರಿಗೈಲಿ ಮರಳಿದ ತಂಡವನ್ನು ಒಂದು ನಾಡು ಎದೆಗವಚಿಕೊಂಡಿತು. ಅಭಿಮಾನಿಯ ಮನಸ್ಸಿನೊಳಗೆ ನಡೆಯುವುದೇನು? ಆ ಪ್ರೀತಿ ಪಡೆದವರ ಹೊಣೆ ಏನು?

2008ರ ಏಪ್ರಿಲ್ 18ರ ರಾತ್ರಿ, ಚಿನ್ನಸ್ವಾಮಿ ಕ್ರೀಡಾಂಗಣ, ಐಪಿಎಲ್‌ನ ಮೊಟ್ಟಮೊದಲ ಪಂದ್ಯ. ಕೋಲ್ಕತ್ತದ ಬ್ರೆಂಡನ್ ಮೆಕಲಮ್ ಒಬ್ಬರೇ ಔಟಾಗದೆ 158 ಬಾರಿಸಿದರು. ಅವರ ತಂಡದ ಮೊತ್ತ 222. ಬೆಂಗಳೂರಿನ ಉತ್ತರ 82. ನಾಯಕ ರಾಹುಲ್ ದ್ರಾವಿಡ್ 2, ಜಾಕ್ ಕಾಲಿಸ್ 8, ಹತ್ತೊಂಬತ್ತರ ಹುಡುಗ ವಿರಾಟ್ ಕೊಹ್ಲಿ 1. ಎರಡಂಕಿ ಮುಟ್ಟಿದ್ದು ಬೌಲರ್ ಪ್ರವೀಣ್ ಕುಮಾರ್ ಮಾತ್ರ, 18. ಅವರಿಗಿಂತ ಒಂದು ರನ್ ಜಾಸ್ತಿ ಎಕ್ಸ್‌ಟ್ರಾಗಳಿಂದ ಬಂದಿತ್ತು. 140 ರನ್‌ಗಳ ಸೋಲು. ರಾಯಲ್ ಚಾಲೆಂಜರ್ಸ್ (ಆರ್‌ಸಿಬಿ) ಮತ್ತು ಕನ್ನಡಿಗರ ನಂಟು ಶುರುವಾದದ್ದು ಹೀಗೆ.

ಸಾಮಾನ್ಯವಾಗಿ ಜನ ನಂಟು ಹಚ್ಚಿಕೊಳ್ಳುವುದು ಗೆಲ್ಲುವವರ ಜತೆ. ಗೆದ್ದೆತ್ತಿನ ಬಾಲ ಹಿಡಿಯುವವರನ್ನು ನಮ್ಮ ಹಳ್ಳಿಗಳು ಎಂದೋ ಗುರುತಿಸಿ ಮಾತು ಕಟ್ಟಿವೆ. ಅದನ್ನೇ ಅಳೆದು ತೋರಿಸಿದವರು ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ಚಾಲ್ಡೀನಿ ಮತ್ತು ಅವರ ಸಂಗಡಿಗರು. 1976ರಲ್ಲಿ ಪ್ರಕಟವಾದ ಅವರ ಅಧ್ಯಯನ ಈ ವಿಷಯದ ಯಾವುದೇ ಚರ್ಚೆಗೂ ಮೊದಲ ಮೆಟ್ಟಿಲು. ಏಳು ವಿಶ್ವವಿದ್ಯಾಲಯಗಳಲ್ಲಿ ಅವರು ಸೋಮವಾರದ ತರಗತಿಗಳಿಗೆ ಹೋಗಿ, ಎಷ್ಟು ವಿದ್ಯಾರ್ಥಿಗಳು ತಮ್ಮ ವಿಶ್ವವಿದ್ಯಾಲಯದ ಹೆಸರು, ಲಾಂಛನವಿರುವ ಅಂಗಿ ತೊಟ್ಟಿದ್ದಾರೆಂದು ಎಣಿಸಿದರು. ವಾರಾಂತ್ಯದಲ್ಲಿ ಫುಟ್‌ಬಾಲ್ ತಂಡ ಗೆದ್ದಿದ್ದರೆ ಅಂಗಿಗಳ ಸಂಖ್ಯೆ ಏರುತ್ತಿತ್ತು. ಆಮೇಲೆ ವಿದ್ಯಾರ್ಥಿಗಳಿಗೆ ಫೋನ್ ಮಾಡಿ ಪಂದ್ಯದ ಕಥೆ ಕೇಳಿದರು. ಗೆದ್ದ ಪಂದ್ಯಕ್ಕೆ ‘ನಾವು ಗೆದ್ದೆವು’, ಸೋತದ್ದಕ್ಕೆ ‘ಅವರು ಸೋತರು’.

ನನಗೆ ಹೆಚ್ಚು ತಟ್ಟುವುದು ಅದೇ ಅಧ್ಯಯನದ ಇನ್ನೊಂದು ತುಣುಕು. ಫೋನಿನಲ್ಲಿ ಮೊದಲು ಒಂದು ಸಣ್ಣ ಪರೀಕ್ಷೆ ಇಟ್ಟು, ಕೆಲವರಿಗೆ ‘ನೀವು ಚೆನ್ನಾಗಿ ಮಾಡಲಿಲ್ಲ’ ಎಂದು ಹೇಳಿದ್ದರು. ಹಾಗೆ ಮುಖಭಂಗವಾದವರೇ ತಂಡದ ಗೆಲುವನ್ನು ಹೆಚ್ಚಾಗಿ ‘ನಮ್ಮದು’ ಎಂದು ಹೇಳಿಕೊಂಡರು. ದಿನವಿಡೀ ಮೇಲಧಿಕಾರಿಯ ಮಾತು ಕೇಳಿ ಸಂಜೆ ಮನೆಗೆ ಬಂದವನಿಗೆ, ಮೂರನೇ ಸಲವೂ ಸಂದರ್ಶನದಲ್ಲಿ ಕೆಲಸ ಕೈತಪ್ಪಿದ ಹುಡುಗಿಗೆ, ಆ ರಾತ್ರಿಯ ಪಂದ್ಯ ಯಾಕೆ ಅಷ್ಟು ಮುಖ್ಯವಾಗುತ್ತದೆ ಎಂಬುದು ಇದರಿಂದ ಅರ್ಥವಾಗುತ್ತದೆ. ‘ಯಾರೋ ಆಡ್ತಾರೆ, ಯಾರೋ ಗೆಲ್ತಾರೆ, ನಿನಗೇನು ಬಂತು?’ ಎಂದು ಕೇಳುವ ಹಿರಿಯರು ಪ್ರತಿ ಮನೆಯಲ್ಲೂ ಇದ್ದಾರೆ. ಬರುವುದು ಇದೇ. ತನ್ನ ಬದುಕಿನಲ್ಲಿ ಆ ವಾರ ಸಿಗದ ಗೆಲುವಿನ ಒಂದು ಪಾಲು.

ಇದರ ಮಗ್ಗುಲಲ್ಲೇ 1986ರಲ್ಲಿ ಸಿ.ಆರ್. ಸ್ನೈಡರ್ ಮತ್ತು ಸಂಗಡಿಗರು ಇನ್ನೊಂದು ಗುಣ ತೋರಿಸಿದರು: ಸೋತ ಗುಂಪಿನಿಂದ ಜನ ಮೆಲ್ಲಗೆ ದೂರ ಸರಿಯುತ್ತಾರೆ. ಬಾಲ ಹಿಡಿಯುವುದೂ ಉಂಟು, ಬಾಲ ಬಿಡುವುದೂ ಉಂಟು. ಈ ಲೆಕ್ಕ ಎಲ್ಲರಿಗೂ ಒಪ್ಪುವುದಾದರೆ 2008ರ ಆ ರಾತ್ರಿಯೇ ಬೆಂಗಳೂರು ಬಾಲ ಬಿಡಬೇಕಿತ್ತು.

ಸೋಲಿನ ಅಂಟು

ಬಿಡಲಿಲ್ಲ. 2009ರ ಫೈನಲ್, ಜೊಹಾನ್ಸ್‌ಬರ್ಗ್: ಅನಿಲ್ ಕುಂಬ್ಳೆ ನಾಯಕತ್ವದಲ್ಲಿ ಡೆಕ್ಕನ್ ಚಾರ್ಜರ್ಸ್ ಎದುರು 6 ರನ್ ಸೋಲು. 2011ರ ಫೈನಲ್, ಚೆನ್ನೈನಲ್ಲಿ ಚೆನ್ನೈ ಎದುರು 58 ರನ್ ಸೋಲು. 2016ರದ್ದು ಇವತ್ತಿಗೂ ಹಸಿ ಗಾಯ. ಆ ವರ್ಷ ಕೊಹ್ಲಿ ನಾಲ್ಕು ಶತಕಗಳೊಂದಿಗೆ 973 ರನ್ ಗಳಿಸಿದ್ದರು, ಫೈನಲ್ ನಮ್ಮದೇ ಚಿನ್ನಸ್ವಾಮಿಯಲ್ಲಿ. ಹೈದರಾಬಾದಿನ 208ರ ಬೆನ್ನು ಹತ್ತಿ ಗೇಲ್ ಮತ್ತು ಕೊಹ್ಲಿ ಮೊದಲ ವಿಕೆಟಿಗೆ 114 ಸೇರಿಸಿದಾಗ ಊರಿಗೆ ಊರೇ ಕಪ್ ಕೈಗೆ ಬಂತೆಂದುಕೊಂಡಿತ್ತು. ಕೊನೆಗೆ 8 ರನ್ ಸಾಲಲಿಲ್ಲ. ಮರುವರ್ಷ ಏಪ್ರಿಲ್ 23ರಂದು ಕೋಲ್ಕತ್ತದಲ್ಲಿ ತಂಡ 49ಕ್ಕೆ ಆಲೌಟ್. ನಾಲ್ಕು ವರ್ಷ ಹಿಂದೆ ಅದೇ ತಾರೀಕಿಗೆ ಗೇಲ್ 175 ಬಾರಿಸಿ ತಂಡ 263 ಮಾಡಿತ್ತು. ಈ ತಾರೀಕುಗಳನ್ನು ಅಭಿಮಾನಿಗೆ ಯಾರೂ ನೆನಪಿಸಬೇಕಿಲ್ಲ. ಮನೆಯವರ ಹುಟ್ಟುಹಬ್ಬ ಮರೆತರೂ ಇವನ್ನು ಮರೆಯರು.

ಅಮೆರಿಕದ ಡೇನಿಯಲ್ ವ್ಯಾನ್ ಮತ್ತು ನೈಲಾ ಬ್ರಾನ್ಸ್‌ಕೋಂಬ್ 1990ರಲ್ಲಿ ಒಂದು ವ್ಯತ್ಯಾಸ ಗುರುತಿಸಿದರು. ತಂಡದ ಜತೆ ಮೇಲುಮೇಲಿನ ಸಂಬಂಧವಿದ್ದವರು ಸೋತಾಗ ಸರಿದುಹೋಗುತ್ತಾರೆ. ಆದರೆ ತಂಡವನ್ನು ತಮ್ಮ ಗುರುತಿನ ಭಾಗವಾಗಿಸಿಕೊಂಡವರಿಗೆ ಹಾಗೆ ಸರಿಯಲು ಆಗುವುದಿಲ್ಲ. ಅಂಗಿ ಕಳಚಬಹುದು, ಹುಟ್ಟಿದ ಊರನ್ನು ಕಳಚಲಾಗದು. ಮೂರು ವರ್ಷದ ಬಳಿಕ ಇವರೇ ಈ ತಾದಾತ್ಮ್ಯವನ್ನು ಅಳೆಯಲು ಏಳು ಪ್ರಶ್ನೆಗಳ ಮಾಪಕವೊಂದನ್ನು ರೂಪಿಸಿದರು. ಆ ಕ್ಷೇತ್ರದಲ್ಲಿ ಅದು ಈಗಲೂ ಬಳಕೆಯಲ್ಲಿದೆ.

ಇದಕ್ಕಿಂತ ಆಳಕ್ಕೆ ಹೋದದ್ದು 2021ರಲ್ಲಿ ಬಂದ ಬ್ರಿಟನ್ನಿನ ಮಾರ್ಥಾ ನ್ಯೂಸನ್ ಮತ್ತು ಸಂಗಡಿಗರ ಅಧ್ಯಯನ. ಇಂಗ್ಲಿಷ್ ಪ್ರೀಮಿಯರ್ ಲೀಗಿನಲ್ಲಿ ಒಂದು ದಶಕದ ಅವಧಿಯಲ್ಲಿ ಅತಿ ಹೆಚ್ಚು ಗೆದ್ದ ಐದು ಕ್ಲಬ್ಬುಗಳ ಮತ್ತು ಅತಿ ಕಡಿಮೆ ಗೆದ್ದ ಐದು ಕ್ಲಬ್ಬುಗಳ ಅಭಿಮಾನಿಗಳನ್ನು ಅವರು ಹೋಲಿಸಿದರು. ಆರ್ಸೆನಲ್, ಲಿವರ್‌ಪೂಲ್, ಮ್ಯಾಂಚೆಸ್ಟರ್ ಯುನೈಟೆಡ್‌ನಂಥವು ಒಂದು ಕಡೆ, ಕ್ರಿಸ್ಟಲ್ ಪ್ಯಾಲೇಸ್, ಹಲ್, ಸಂಡರ್ಲೆಂಡ್‌ನಂಥವು ಇನ್ನೊಂದು ಕಡೆ. ಹೆಚ್ಚು ಗಟ್ಟಿಯಾಗಿ ಬೆಸೆದುಕೊಂಡಿದ್ದವರು ಸೋಲು ಕಂಡವರೇ. ಅವರಿಗೆ ಸಹ ಅಭಿಮಾನಿಗಳು ಒಡಹುಟ್ಟಿದವರಂತೆ ಕಾಣುತ್ತಿದ್ದರು. ಒಟ್ಟಿಗೆ ಅನುಭವಿಸಿದ ನೋವಿನ ನೆನಪನ್ನು ಮತ್ತೆ ಮತ್ತೆ ಮೆಲುಕು ಹಾಕುತ್ತಾ ಅದು ‘ನಾನು’ ಎಂಬುದರೊಳಗೆ ಸೇರಿಹೋಗುತ್ತದೆ, ಅದನ್ನು ಬಲ್ಲ ಇನ್ನೊಬ್ಬ ತನ್ನವನಾಗುತ್ತಾನೆ ಎಂಬುದು ಸಂಶೋಧಕರ ವಿವರಣೆ.

ಬೆಂಗಳೂರಿಗೆ ಈ ಕೀಲಿ ಸರಿಯಾಗಿ ಹೊಂದುತ್ತದೆ ಎಂದೇ ನಾನು ನಂಬಿದ್ದೇನೆ. ಹೋಲಿಸಿ ನೋಡಲು ಗೆದ್ದ ತಂಡಗಳೂ ನಮ್ಮಲ್ಲೇ ಇವೆ. ಬೆಂಗಳೂರು ಎಫ್‌ಸಿ 2013–14ರಲ್ಲಿ ತನ್ನ ಮೊದಲ ಸೀಸನ್ನಿನಲ್ಲೇ ಐ–ಲೀಗ್ ಗೆದ್ದಿತು, 2019ರಲ್ಲಿ ಐಎಸ್‌ಎಲ್ ಕಪ್ ತಂದಿತು. ಕಂಠೀರವದಲ್ಲಿ ವೆಸ್ಟ್ ಬ್ಲಾಕ್ ಬ್ಲೂಸ್ ಅಭಿಮಾನಿಗಳು ತೊಂಬತ್ತು ನಿಮಿಷವೂ ನಿಂತೇ ಹಾಡುವುದನ್ನು ನೋಡಿದವರಿಗೆ ಅವರ ನಿಷ್ಠೆಯ ಬಗ್ಗೆ ಅನುಮಾನವೇ ಇರದು. 2019ರ ಜನವರಿಯಲ್ಲಿ ಪವನ್ ಸೆಹ್ರಾವತ್ ಫೈನಲ್‌ನಲ್ಲಿ 22 ಅಂಕ ಗಳಿಸಿ ಬೆಂಗಳೂರು ಬುಲ್ಸ್‌ಗೆ ಪ್ರೊ ಕಬಡ್ಡಿ ಕಿರೀಟ ತೊಡಿಸಿದರು. ಕರ್ನಾಟಕ ರಣಜಿ ತಂಡ 1974ರಲ್ಲಿ ಬಾಂಬೆಯ ಹದಿನೈದು ವರ್ಷಗಳ ಆಳ್ವಿಕೆ ಮುರಿದದ್ದಂತೂ ಒಂದು ತಲೆಮಾರಿನ ಹೆಮ್ಮೆ. ಇಷ್ಟು ಕಪ್‌ಗಳಿದ್ದೂ ನಾಡಿನ ಎದೆ ಬಡಿತ ಏರಿಳಿದದ್ದು ಕಪ್ ಇಲ್ಲದ ತಂಡಕ್ಕೆ. ಹಣ, ಜಾಹೀರಾತು, ಟಿವಿ, ತಾರೆಯರ ಮೆರುಗು ಎಲ್ಲವೂ ಇದರ ಹಿಂದಿವೆ. ಆದರೆ ಅವೆಲ್ಲ ಇದ್ದೂ ಅಭಿಮಾನ ಹುಟ್ಟದ ಐಪಿಎಲ್ ತಂಡಗಳಿವೆ, ಹೆಸರೇ ಅಳಿಸಿಹೋದವೂ ಇವೆ. ಪ್ರತಿ ಮೇ ತಿಂಗಳಲ್ಲಿ ಒಟ್ಟಿಗೆ ಮುರಿದುಬಿದ್ದು, ಮರುವರ್ಷ ಯುಗಾದಿ ಹೊತ್ತಿಗೆ ಒಟ್ಟಿಗೆ ‘ಈ ಸಲ ಕಪ್ ನಮ್ದೇ’ ಅನ್ನುವ ಆ ಸುತ್ತನ್ನು ಹಣ ಕೊಟ್ಟು ತರಲಾಗದು.

ಯಾರು ನಮ್ಮವರು?

‘ತಂಡದಲ್ಲಿ ಕನ್ನಡಿಗರೆಷ್ಟು?’ ಎಂಬ ಪ್ರಶ್ನೆ ಪ್ರತಿ ಹರಾಜಿನ ದಿನ ಏಳುತ್ತದೆ, ಏಳಬೇಕಾದದ್ದೇ. 2025ರ ಫೈನಲ್ ಆಡಿದ ಹನ್ನೊಂದರಲ್ಲಿ ಕನ್ನಡಿಗ ಮಯಂಕ್ ಅಗರ್ವಾಲ್ ಒಬ್ಬರೇ, ಅವರೂ ಗಾಯಗೊಂಡ ದೇವದತ್ತ ಪಡಿಕ್ಕಲ್ ಬದಲಿಗೆ ಸೀಸನ್ ನಡುವೆ ಬಂದವರು. ಆದರೂ ದಿಲ್ಲಿಯ ಕೊಹ್ಲಿ, ದಕ್ಷಿಣ ಆಫ್ರಿಕಾದ ಎಬಿ ಡಿವಿಲಿಯರ್ಸ್, ಜಮೈಕಾದ ಗೇಲ್ ನಮ್ಮವರಾದರು. ಹೇಗೆ?

ಉತ್ತರದ ಬೇರು ಹೆನ್ರಿ ತಾಜ್ಫೆಲ್ ಅವರ ಬದುಕಿನಲ್ಲಿದೆ. ಪೋಲೆಂಡಿನ ಯಹೂದಿ. ಎರಡನೇ ಮಹಾಯುದ್ಧದಲ್ಲಿ ಫ್ರೆಂಚ್ ಸೇನೆ ಸೇರಿ ಜರ್ಮನರ ಸೆರೆಯಾದರು. ಅವರು ಪೋಲೆಂಡಿನ ಯಹೂದಿ ಎಂದು ಜರ್ಮನರಿಗೆ ಗೊತ್ತಾಗಿದ್ದರೆ ಉಳಿಯುತ್ತಿರಲಿಲ್ಲ. ಬಿಡುಗಡೆಯಾಗಿ ಬಂದಾಗ ಅವರ ಕುಟುಂಬದ ಬಹುತೇಕರು ಹತರಾಗಿದ್ದರು. ಮನುಷ್ಯ ‘ನಮ್ಮವರು’, ‘ಅವರು’ ಎಂದು ಗೆರೆ ಎಳೆಯುವುದು ಎಲ್ಲಿಂದ ಶುರುವಾಗುತ್ತದೆಂದು ಹುಡುಕುವುದೇ ಅವರ ಮುಂದಿನ ಬಾಳಾಯಿತು. 1970ರ ಸುಮಾರಿಗೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಅವರು ಹದಿನಾಲ್ಕು–ಹದಿನೈದರ ಶಾಲಾ ಹುಡುಗರನ್ನು ತೆರೆಯ ಮೇಲಿನ ಚುಕ್ಕಿ ಎಣಿಸುವ ನೆಪದಲ್ಲಿ ಎರಡು ಗುಂಪಾಗಿ ಒಡೆದರು. ಗುಂಪಿನಲ್ಲಿ ಯಾರಿದ್ದಾರೆಂದು ಹುಡುಗರಿಗೆ ಗೊತ್ತಿಲ್ಲ, ಪರಸ್ಪರ ಮಾತಿಲ್ಲ, ಹಳೆಯ ಜಗಳವಿಲ್ಲ. ಆದರೂ ಹಣ ಹಂಚಲು ಕೊಟ್ಟಾಗ ಅವರು ತಮ್ಮ ಗುಂಪಿಗೆ ಹೆಚ್ಚು ಕೊಟ್ಟರು. ಎದುರು ಗುಂಪಿಗಿಂತ ಮುಂದಿರಬೇಕೆಂಬ ಆಸೆಯಲ್ಲಿ ತಮ್ಮವರಿಗೆ ಸಿಗಬಹುದಾದ ಹಣವನ್ನೂ ಒಂದಿಷ್ಟು ಬಿಟ್ಟುಕೊಟ್ಟರು. ಇಷ್ಟು ತೆಳು ಗೆರೆಗೇ ಮನಸ್ಸು ಹೀಗೆ ವಾಲುವುದಾದರೆ, ಅದಕ್ಕೆ ಊರಿನ ಹೆಸರು, ಕೆಂಪು ಬಣ್ಣ, ಕನ್ನಡದ ಘೋಷಣೆ, ಹದಿನೆಂಟು ವರ್ಷದ ನೆನಪು ಸೇರಿದರೆ ಏನಾದೀತು!

2025ರ ಏಪ್ರಿಲ್ 10ರಂದು ಈ ಗೆರೆಗಳು ಚಿನ್ನಸ್ವಾಮಿಯ ನಡುಮಧ್ಯೆ ಒಂದನ್ನೊಂದು ಕತ್ತರಿಸಿದವು. ಬೆಂಗಳೂರಲ್ಲಿ ಹುಟ್ಟಿ ಸುರತ್ಕಲ್‌ನಲ್ಲಿ ಬೆಳೆದ ಕೆ.ಎಲ್. ರಾಹುಲ್, ದಿಲ್ಲಿ ತಂಡದ ಪರ ಔಟಾಗದೆ 93 ಹೊಡೆದು ಆರ್‌ಸಿಬಿಯನ್ನು ಸೋಲಿಸಿದರು. ಗೆಲುವಿನ ಹೊಡೆತದ ಬಳಿಕ ಬ್ಯಾಟಿನಿಂದ ನೆಲದ ಮೇಲೆ ವೃತ್ತ ಎಳೆದು ಬ್ಯಾಟನ್ನು ಅದರ ನಡುವೆ ಊರಿದರು. ಅದು ‘ಕಾಂತಾರ’ ಸಿನಿಮಾದಿಂದ ಬಂದ ಸಂಜ್ಞೆ ಎಂದು ಅವರೇ ಆಮೇಲೆ ಹೇಳಿದರು. ಈ ನೆಲ ನನ್ನದು ಎಂಬ ಅದರ ಮಾತು ಇಡೀ ಕ್ರೀಡಾಂಗಣಕ್ಕೆ ಅರ್ಥವಾಗಿತ್ತು. ಸೋಲಿಸಿದವನು ನಮ್ಮ ಹುಡುಗ, ಸೋತದ್ದು ನಮ್ಮ ತಂಡ. ಕೆಂಪು ಅಂಗಿ ತೊಟ್ಟವರು ಆ ಹೊತ್ತಿಗೆ ಪಟ್ಟದ್ದು ಸಿಟ್ಟೋ ಹೆಮ್ಮೆಯೋ? ಎರಡೂ. ಒಬ್ಬ ಮನುಷ್ಯನಲ್ಲಿ ಹಲವು ‘ನಾವು’ಗಳಿರುತ್ತವೆ, ಯಾವುದು ಯಾವಾಗ ಎದ್ದು ನಿಲ್ಲುತ್ತದೆಂಬುದು ಸನ್ನಿವೇಶದ ಮೇಲೆ ನಿಂತಿದೆ ಎಂದು ತಾಜ್ಫೆಲ್ ಶಿಷ್ಯ ಜಾನ್ ಟರ್ನರ್ ಪುಸ್ತಕಗಳಲ್ಲಿ ವಿವರಿಸಿದ್ದನ್ನು ಆ ವೃತ್ತ ಒಂದೇ ನಿಮಿಷದಲ್ಲಿ ತೋರಿಸಿತು. ಆ ಸೀಸನ್ನಿನ ಅತ್ಯುತ್ತಮ ಗಳಿಗೆ ನನ್ನ ಮಟ್ಟಿಗೆ ಅದೇ.

ಮೈಯೂ ಆಡುತ್ತದೆ

ಕೊನೇ ಓವರ್ ನಡೆಯುವಾಗ ಮನೆಯಲ್ಲಿ ಯಾರಾದರೂ ನೀರು ಕುಡಿಯಲು ಎದ್ದರೆ ಸಾಕು, ‘ಏಳ್ಬೇಡ ಕಣೇ, ಎದ್ರೆ ವಿಕೆಟ್ ಹೋಗತ್ತೆ!’ ಎಂಬ ಕೂಗು. ಅಜ್ಜಿಯರು ದೇವರ ಮುಂದೆ ದೀಪ ಹಚ್ಚಿದ ಮನೆಗಳೂ ಇವೆ. ಕೈಲಾಗದ ಸಂಗತಿಯ ಮೇಲೂ ಹಿಡಿತವಿದೆ ಎಂಬ ಭಾವವನ್ನು ಎಲೆನ್ ಲ್ಯಾಂಗರ್ 1975ರಲ್ಲೇ ಪ್ರಯೋಗಗಳಲ್ಲಿ ತೋರಿಸಿದ್ದರು. ಅಷ್ಟು ಪ್ರೀತಿಸಿ, ಕೂತಲ್ಲಿಂದ ಏನೂ ಮಾಡಲಾಗದೆ ನೋಡುವುದು ಕಷ್ಟ. ಹಾಗಾಗಿ ಕುರ್ಚಿ ಬಿಟ್ಟೇಳದಿರುವುದೇ ಒಂದು ಸೇವೆಯಾಗುತ್ತದೆ.

ದೇಹಕ್ಕೆ ಇದು ಆಟವಲ್ಲ. 1994ರ ವಿಶ್ವಕಪ್ ಫುಟ್‌ಬಾಲ್ ಫೈನಲ್ ನೋಡುತ್ತಿದ್ದ ಬ್ರೆಜಿಲ್ ಮತ್ತು ಇಟಲಿ ಅಭಿಮಾನಿಗಳ ಎಂಜಲಿನ ಪರೀಕ್ಷೆಯಲ್ಲಿ, ಗೆದ್ದ ಬ್ರೆಜಿಲಿನವರ ಟೆಸ್ಟೋಸ್ಟೆರಾನ್ ಏರಿತ್ತು, ಸೋತ ಇಟಲಿಯವರದು ಇಳಿದಿತ್ತು. 2006ರಲ್ಲಿ ಜರ್ಮನಿಯಲ್ಲೇ ವಿಶ್ವಕಪ್ ನಡೆದಾಗ ಮ್ಯೂನಿಕ್ ಪ್ರದೇಶದ ವೈದ್ಯರು ಲೆಕ್ಕವಿಟ್ಟರು: ಜರ್ಮನಿ ಆಡಿದ ದಿನಗಳಲ್ಲಿ ಹೃದಯದ ತುರ್ತು ಪ್ರಕರಣಗಳು ಉಳಿದ ದಿನಗಳ 2.66 ಪಟ್ಟು. ಗಂಡಸರಲ್ಲಿ ಅದು 3.26 ಪಟ್ಟು. ಮೊದಲೇ ಹೃದಯದ ತೊಂದರೆ ಇದ್ದವರಿಗೆ ಅಪಾಯ ಇನ್ನೂ ಜಾಸ್ತಿ. ಬಿಪಿ ಮಾತ್ರೆ ನುಂಗಿಯೇ ಪಂದ್ಯಕ್ಕೆ ಕೂರುವ ಅಪ್ಪಂದಿರನ್ನು ನೋಡಿ ನಕ್ಕುಬಿಡುವಂತಿಲ್ಲ. ಎಡ್ವರ್ಡ್ ಹರ್ಟ್ ಮತ್ತು ಸಂಗಡಿಗರು 1992ರಲ್ಲಿ ಕಂಡದ್ದು ಇನ್ನೂ ಸೂಕ್ಷ್ಮ. ತಮ್ಮ ಬಾಸ್ಕೆಟ್‌ಬಾಲ್ ತಂಡ ಸೋತದ್ದನ್ನು ನೋಡಿದ ವಿದ್ಯಾರ್ಥಿಗಳು ತಂಡದ ಭವಿಷ್ಯದ ಬಗ್ಗೆ ಮಾತ್ರವಲ್ಲ, ತಮ್ಮ ಸ್ವಂತ ಜಾಣ್ಮೆ ಮತ್ತು ಕೈಚಳಕದ ಬಗ್ಗೆಯೂ ಭರವಸೆ ಕಳೆದುಕೊಂಡಿದ್ದರು. ಪರೀಕ್ಷೆಯ ಹಿಂದಿನ ರಾತ್ರಿ ತಂಡ ಸೋತರೆ ಮಗುವಿಗೆ ‘ಬರೀ ಆಟ ತಾನೆ’ ಎನ್ನುವುದಕ್ಕಿಂತ, ಅದರ ಪಕ್ಕ ಸ್ವಲ್ಪ ಹೊತ್ತು ಕೂರುವುದು ಲೇಸು.

ಇದೇ ಕಾವು ಕೆಡುಕಿಗೂ ತಿರುಗುತ್ತದೆ. 1951ರ ಪ್ರಿನ್ಸ್‌ಟನ್–ಡಾರ್ಟ್ಮತ್ ಫುಟ್‌ಬಾಲ್ ಪಂದ್ಯದ ಒಂದೇ ಚಿತ್ರೀಕರಣವನ್ನು ಎರಡೂ ಕಡೆಯ ವಿದ್ಯಾರ್ಥಿಗಳಿಗೆ ತೋರಿಸಿದಾಗ, ಡಾರ್ಟ್ಮತ್ ಆಟಗಾರರ ತಪ್ಪುಗಳು ಸ್ವಂತ ವಿದ್ಯಾರ್ಥಿಗಳಿಗೆ ಕಂಡದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಪ್ರಿನ್ಸ್‌ಟನ್‌ನವರಿಗೆ ಕಂಡವು. ಅಂಪೈರ್ ಕೊಟ್ಟ ಎಲ್‌ಬಿಡಬ್ಲ್ಯು ಅನ್ಯಾಯವಾಗಿಯೇ ಕಾಣುವುದು ಅದಕ್ಕೇ. ಅಲ್ಲಿಗೇ ನಿಂತರೆ ಚಿಂತೆಯಿಲ್ಲ. 2023ರ ಮೇ 21ರಂದು ಶುಭಮನ್ ಗಿಲ್ ಶತಕ ಹೊಡೆದು ಆರ್‌ಸಿಬಿಯನ್ನು ಪ್ಲೇಆಫ್‌ನಿಂದ ಹೊರಗಟ್ಟಿದಾಗ, ಅವರ ಮೇಲೂ ಅವರ ಸಹೋದರಿಯ ಮೇಲೂ ಸಾಮಾಜಿಕ ಜಾಲತಾಣದಲ್ಲಿ ಕೊಳಕು ಬೈಗುಳದ ಮಳೆ ಸುರಿಯಿತು. ಚೆನ್ನಾಗಿ ಆಡಿದ್ದಕ್ಕೆ ಒಬ್ಬನ ಮನೆಯ ಹೆಣ್ಣುಮಗಳನ್ನು ಬೈಯುವವರು ಯಾವ ತಂಡದ ಅಭಿಮಾನಿಗಳೂ ಅಲ್ಲ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅವರು ನಮ್ಮ ನಡುವಿನವರೇ, ಅವರನ್ನು ತಡೆಯಬೇಕಾದವರೂ ನಾವೇ. ಅಮೆರಿಕದ ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಗಾರ್ಡನ್ ಡಾಲ್ 2011ರಲ್ಲಿ ತೋರಿಸಿದ್ದು ಇನ್ನೂ ಕಹಿ: ಗೆದ್ದೇ ಗೆಲ್ಲುತ್ತದೆಂದುಕೊಂಡ ತಂಡ ಅನಿರೀಕ್ಷಿತವಾಗಿ ಸೋತ ದಿನ, ಗಂಡಸರು ಮನೆಯಲ್ಲಿ ಹೆಂಡತಿ ಅಥವಾ ಸಂಗಾತಿಯ ಮೇಲೆ ಕೈಮಾಡುವುದು ಶೇ 10ರಷ್ಟು ಹೆಚ್ಚುತ್ತದೆ. ನಿರೀಕ್ಷಿತ ಸೋಲಿಗೆ ಹಾಗಾಗುವುದಿಲ್ಲ. ಆ ಹೆಂಗಸರಲ್ಲಿ ಎಷ್ಟೋ ಮಂದಿ ಪಂದ್ಯವನ್ನೇ ನೋಡಿರಲಾರರು.

ಆದರೆ ‘ನಮ್ಮವರು’, ‘ಅವರು’ ಎಂಬ ಗೆರೆಯನ್ನು ಹಿಗ್ಗಿಸಲೂ ಸಾಧ್ಯ. ಲಂಕಾಸ್ಟರ್ ವಿಶ್ವವಿದ್ಯಾಲಯದ ಮಾರ್ಕ್ ಲೆವಿನ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಓಡುತ್ತಾ ಬಿದ್ದು ನೋವಿನಿಂದ ನರಳಿದಂತೆ ನಟಿಸಿದವನು ಮ್ಯಾಂಚೆಸ್ಟರ್ ಯುನೈಟೆಡ್ ಅಂಗಿ ತೊಟ್ಟಿದ್ದರೆ ಆ ತಂಡದ ಅಭಿಮಾನಿಗಳು ಓಡಿಬಂದರು, ಲಿವರ್‌ಪೂಲ್ ಅಂಗಿಯಲ್ಲಿದ್ದರೆ ಹೆಚ್ಚಿನವರು ಬರಲಿಲ್ಲ. ಮೊದಲೇ ಅವರನ್ನು ಫುಟ್‌ಬಾಲ್ ಪ್ರೇಮಿಗಳೆಲ್ಲರ ಬಗ್ಗೆ ಯೋಚಿಸುವಂತೆ ಮಾಡಿದಾಗ ಲಿವರ್‌ಪೂಲ್ ಅಂಗಿಯವನಿಗೂ ಕೈ ಸಿಕ್ಕಿತು. ಬೆಂಗಳೂರು–ಚೆನ್ನೈ ಪಂದ್ಯದ ಪ್ರಚಾರ ಚಿತ್ರ ಮಾಡುವವರು ಇದನ್ನೊಮ್ಮೆ ಓದಬೇಕು.

ಒಳಿತಿನ ಕಡೆಯೂ ದೊಡ್ಡದಿದೆ. ಡೇನಿಯಲ್ ವ್ಯಾನ್ ವರ್ಷಗಟ್ಟಲೆ ಕೂಡಿಸಿದ ಅಧ್ಯಯನಗಳ ಸಾರ ಇದು: ತಮ್ಮ ಊರಿನ ತಂಡದೊಂದಿಗೆ ಗಾಢವಾಗಿ ಗುರುತಿಸಿಕೊಂಡವರಲ್ಲಿ ಒಂಟಿತನ ಕಡಿಮೆ, ಮತ್ತು ಈ ಲಾಭ ತಂಡದ ಗೆಲುವನ್ನು ಅವಲಂಬಿಸಿಲ್ಲ. ರಾಣೆಬೆನ್ನೂರಿನಿಂದ ಬಂದು ಪೀಣ್ಯದ ಪಿ.ಜಿ. ಕೋಣೆಯಲ್ಲಿ ಇರುವವನಿಗೆ ಪಕ್ಕದ ಮಂಚದ ಕಲಬುರಗಿಯ ಹುಡುಗನೊಂದಿಗೆ ಮೊದಲ ಮಾತು ಹುಟ್ಟುವುದು ಸ್ಕೋರ್ ಕೇಳುವಾಗ. ಕ್ಯಾಲಿಫೋರ್ನಿಯಾದಲ್ಲಿ ಬೆಳಗಿನ ಏಳು ಗಂಟೆಗೆ ಕಾಫಿ ಹಿಡಿದು ಟಿವಿ ಮುಂದೆ ಕೂರುವ ಕನ್ನಡ ಕುಟುಂಬಕ್ಕೆ ಅದು ಊರಿನ ರಾತ್ರಿ. 2024ರ ಮಾರ್ಚ್ 17ರಂದು ಸ್ಮೃತಿ ಮಂದಾನ ನಾಯಕತ್ವದ ಮಹಿಳಾ ತಂಡ ಆರ್‌ಸಿಬಿಗೆ ಮೊದಲ ಕಪ್ ತಂದಿತು. ಬೆಂಗಳೂರಿನ ಹುಡುಗಿ ಶ್ರೇಯಾಂಕಾ ಪಾಟೀಲ್ ಫೈನಲ್‌ನಲ್ಲಿ 12 ರನ್ನಿಗೆ 4 ವಿಕೆಟ್ ಕಿತ್ತರು. ಆ ರಾತ್ರಿ ಗಂಡುಹುಡುಗರು ಹೆಣ್ಣುಮಕ್ಕಳ ಗೆಲುವಿಗೆ ಬೈಕ್ ಏರಿ ಬಾವುಟ ಬೀಸಿದರು. ಕಾಯುವ ನೋವು ಅವರೆಲ್ಲರನ್ನೂ ಒಂದೇ ಮನೆಯವರನ್ನಾಗಿಸಿತ್ತು.

ಜೂನ್ 3, ಜೂನ್ 4

2025ರ ಜೂನ್ 3, ಅಹಮದಾಬಾದ್. ಬೆಂಗಳೂರು 190, ಪಂಜಾಬ್ 184. 2009ರಲ್ಲಿ ಕೈತಪ್ಪಿದ್ದೂ ಆರೇ ರನ್ನಿಗೆ. ಕೃಣಾಲ್ ಪಾಂಡ್ಯ ನಾಲ್ಕು ಓವರಿನಲ್ಲಿ 17 ರನ್ನಿಗೆ 2 ವಿಕೆಟ್ ಪಡೆದು ಪಂದ್ಯ ಕಟ್ಟಿದ್ದರು. ಕೊನೆಯ ಎಸೆತಗಳು ಉಳಿದಿರುವಾಗಲೇ ಕೊಹ್ಲಿಯ ಕಣ್ಣು ತುಂಬಿತು. ಮೊದಲ ದಿನದಿಂದ ಹದಿನೆಂಟೂ ಸೀಸನ್ ಒಂದೇ ತಂಡದಲ್ಲಿ ಉಳಿದ ಮನುಷ್ಯ ಅಳುವಾಗ, ಅಳದೆ ಉಳಿದ ಮನೆ ಕರ್ನಾಟಕದಲ್ಲಿ ಕಡಿಮೆ. ಆ ಕಣ್ಣೀರು ಗೆದ್ದ ತಂಡದ್ದಷ್ಟೇ ಆಗಿರಲಿಲ್ಲ. ಸೋತಾಗಲೂ ಬಿಡದೆ ನಿಂತವರಿಗೆ ಆ ರಾತ್ರಿ ತಮ್ಮ ಹದಿನೇಳು ವರ್ಷವನ್ನು ಯಾರೋ ಒಪ್ಪಿಕೊಂಡಂತಾಯಿತು.

ಮರುದಿನ ಬೆಳಗ್ಗೆಯೇ ವಿಜಯ ಮೆರವಣಿಗೆಯ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹರಿಯಿತು. ಸುಮಾರು 35 ಸಾವಿರ ಮಂದಿ ಹಿಡಿಸುವ ಚಿನ್ನಸ್ವಾಮಿಯ ಸುತ್ತ ಲಕ್ಷಗಟ್ಟಲೆ ಜನ. ಗೇಟುಗಳ ಬಳಿಯ ನೂಕುನುಗ್ಗಲಿನಲ್ಲಿ 11 ಮಂದಿ ಸತ್ತರು, 50ಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಸತ್ತವರಲ್ಲಿ ಹೆಚ್ಚಿನವರು ಇನ್ನೂ ಬದುಕು ಶುರುಮಾಡುತ್ತಿದ್ದ ಎಳೆಯರು.

ಆ ಸಂಜೆಯಿಂದಲೇ ಕೇಳತೊಡಗಿದ ಒಂದು ಮಾತು ನನ್ನನ್ನು ಇವತ್ತಿಗೂ ಸಂಕಟಪಡಿಸುತ್ತದೆ: ‘ಯಾಕೆ ಹೋಗಬೇಕಿತ್ತು? ಹುಚ್ಚು.’ ಗುಂಪು ಸೇರಿದರೆ ಮನುಷ್ಯ ಬುದ್ಧಿ ಕಳೆದುಕೊಳ್ಳುತ್ತಾನೆ ಎಂಬುದು 1895ರಲ್ಲಿ ಫ್ರಾನ್ಸಿನ ಗುಸ್ತಾವ್ ಲೆ ಬಾನ್ ಹರಡಿದ ವಿಚಾರ. ಗುಂಪುಗಳನ್ನು ನಿಜಕ್ಕೂ ಅಧ್ಯಯನ ಮಾಡಿದವರು ಕಂಡದ್ದು ಬೇರೆ. 2005ರ ಲಂಡನ್ ಸ್ಫೋಟಗಳಲ್ಲಿ ಬದುಕುಳಿದವರನ್ನು ಮಾತಾಡಿಸಿದ ಜಾನ್ ಡ್ರೂರಿ ಮತ್ತು ಸಂಗಡಿಗರಿಗೆ, ಅಪರಿಚಿತರು ಪರಸ್ಪರ ಕೈಹಿಡಿದು ನಡೆಸಿದ ಕಥೆಗಳೇ ಹೆಚ್ಚು ಸಿಕ್ಕವು. ದಟ್ಟಣೆಯ ಸಾವು ಬಹುಪಾಲು ಓಡುವಾಗ ಆಗುವುದಲ್ಲ, ನಿಂತಲ್ಲೇ ಆಗುತ್ತದೆ. ಒಂದು ಚದರ ಮೀಟರಿಗೆ ಆರೇಳು ಜನ ಸೇರಿದ ಮೇಲೆ ಒಬ್ಬೊಬ್ಬರ ಇಚ್ಛೆಗೆ ಬೆಲೆಯಿಲ್ಲ, ಹಿಂದಿನಿಂದ ಬಂದ ಒತ್ತಡ ಇಡೀ ಗುಂಪನ್ನು ಅಲೆಯಂತೆ ದೂಡುತ್ತದೆ, ಎದೆಗೂಡು ಹಿಗ್ಗಲು ಜಾಗವಿಲ್ಲದೆ ಉಸಿರು ನಿಲ್ಲುತ್ತದೆ. ಹಿಂದಿರುವವನಿಗೆ ಮುಂದಿನ ಗೇಟು ಮುಚ್ಚಿದ್ದು ಕಾಣುವುದಿಲ್ಲ.

ಡ್ರೂರಿ ಮತ್ತು ಡೇವಿಡ್ ನೊವೆಲ್ಲಿ ತಂಡದ ಇನ್ನೊಂದು ಅಧ್ಯಯನ 2013ರಲ್ಲಿ ಬಂತು. ಬಯಲು ಸಂಗೀತ ಸಮಾರಂಭವೊಂದರಲ್ಲೂ ಪ್ರತಿಭಟನಾ ಮೆರವಣಿಗೆಯೊಂದರಲ್ಲೂ, ಸುತ್ತಲಿನವರನ್ನು ತಮ್ಮವರೆಂದು ಭಾವಿಸಿದವರಿಗೆ ಇಕ್ಕಟ್ಟು ಕಡಿಮೆ ಅನ್ನಿಸಿತು. ತಂಡದ ಪ್ರೀತಿಯ ಅತಿ ಸುಂದರ ಗುಣ ಇದು, ಅತಿ ಅಪಾಯದ್ದೂ ಇದೇ. ಕೆಂಪು ಅಂಗಿಯವರ ನಡುವೆ ನಿಂತವಳಿಗೆ ಜನಸಂದಣಿ ಹಬ್ಬವಾಗಿ ಕಾಣುತ್ತದೆ, ಅಪಾಯವಾಗಿ ಕಾಣುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಹಾಗಾಗಿ ಲೆಕ್ಕ ಹಾಕಬೇಕಾದವರು ಹೊರಗಿನವರು: ಆಯೋಜಕರು, ಪೊಲೀಸರು, ಕ್ರೀಡಾಂಗಣ ನಡೆಸುವವರು, ಫ್ರಾಂಚೈಸಿ, ಸರ್ಕಾರ. ನ್ಯಾಯಮೂರ್ತಿ ಜಾನ್ ಮೈಕೆಲ್ ಡಿ’ಕುನ್ಹಾ ಆಯೋಗ ಆಗಿನ ವಿನ್ಯಾಸದಲ್ಲಿ ಚಿನ್ನಸ್ವಾಮಿ ಅಷ್ಟು ದೊಡ್ಡ ಜನಸಂದಣಿಗೆ ತಕ್ಕದ್ದಲ್ಲ ಎಂದಿತು. ಬೆಂಗಳೂರಿಗೆ ನಿಗದಿಯಾಗಿದ್ದ 2025ರ ಮಹಿಳಾ ವಿಶ್ವಕಪ್ ಪಂದ್ಯಗಳು ನವಿ ಮುಂಬೈಗೆ ಹೋದವು, ಭಾರತ ಕಪ್ ಎತ್ತಿದ್ದೂ ಅಲ್ಲೇ.

ಇಂಗ್ಲೆಂಡಿನ ಶೆಫೀಲ್ಡ್‌ನ ಹಿಲ್ಸ್‌ಬರೊ ಕ್ರೀಡಾಂಗಣದಲ್ಲಿ 1989ರ ಏಪ್ರಿಲ್ 15ರಂದು ಇಂಥದ್ದೇ ದಟ್ಟಣೆಯಲ್ಲಿ ಸಿಕ್ಕಿದ ಲಿವರ್‌ಪೂಲ್ ಅಭಿಮಾನಿಗಳಲ್ಲಿ 97 ಮಂದಿ ಸತ್ತರು. ಮೊದಲು ದೂರಿದ್ದು ಅಭಿಮಾನಿಗಳನ್ನೇ: ಕುಡಿದಿದ್ದರು, ನುಗ್ಗಿದರು ಎಂದು. ಅಭಿಮಾನಿಗಳ ತಪ್ಪಿರಲಿಲ್ಲ ಎಂಬ ತೀರ್ಪು ಕೇಳಲು ಆ ಕುಟುಂಬಗಳು 2016ರವರೆಗೆ, 27 ವರ್ಷ, ಹೋರಾಡಬೇಕಾಯಿತು. ಆದರೆ 1990ರಲ್ಲೇ ಬಂದ ಟೇಲರ್ ವರದಿಯ ಬಳಿಕ ಅಲ್ಲಿನ ದೊಡ್ಡ ಕ್ರೀಡಾಂಗಣಗಳ ರೂಪವೇ ಬದಲಾಯಿತು. ನಿಲ್ಲುವ ಮೆಟ್ಟಿಲುಗಳು ಹೋಗಿ ಆಸನಗಳು ಬಂದವು, ಬೇಲಿಗಳು ಬಿದ್ದವು. ನಮ್ಮ 11 ಕುಟುಂಬಗಳು ಅಷ್ಟು ವರ್ಷ ಕಾಯುವಂತಾಗಬಾರದು. ಮುಂದಿನ ಸಂಭ್ರಮದ ದಿನಾಂಕ ಹೇಳುವ ಮೊದಲು ಎಷ್ಟು ಗೇಟು, ಪ್ರತಿ ಗೇಟಿನಿಂದ ನಿಮಿಷಕ್ಕೆ ಎಷ್ಟು ಜನ, ತುಂಬಿದ ಮೇಲೆ ಹಿಂದಿನವರಿಗೆ ಕನ್ನಡದಲ್ಲಿ ತಿಳಿಸುವ ಧ್ವನಿವರ್ಧಕ ಎಲ್ಲಿ, ಆಂಬುಲೆನ್ಸ್ ಬರುವ ದಾರಿ ಯಾವುದು ಎಂಬುದನ್ನು ಜನರ ಮುಂದೆ ಇಡಬೇಕು.